ಬಿಜೈಯಲ್ಲಿ ಲಂಗರು ಹಾಕಿದ ಮನೆ

ಪಂಪ್‌ವೆಲ್ ಫ್ಲೈಓವರಿನ ಕೆಳಗೆ ಮಂಗಳೂರಿನ ಸಿಟಿ ಬಸ್ಸು ಹತ್ತಿ ‘ಮ್ಯೂಸಿಯಂ’ ಎಂದೆ. ಕಂಡಕ್ಟರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದರು. ‘ಹಡಗಿನ ಹಾಗೆ ಉಂಟಲ್ಲ, ಅದಾ? ಕೆಎಸ್ಸಾರ್ಟಿಸಿಯಲ್ಲಿ ಇಳಿಯಿರಿ.’ ‘ಶ್ರೀಮಂತಿ ಬಾಯಿ ಸ್ಮಾರಕ ಸರ್ಕಾರಿ ವಸ್ತುಸಂಗ್ರಹಾಲಯ’ ಎಂಬ ಉದ್ದ ಹೆಸರಿಗಿಂತ ಈ ಗುರುತೇ ವಾಸಿ.

ಯುರೋಪಿನಲ್ಲಿ ದೊರೆಗಳ ಕಾಲ ಮುಗಿದ ಮೇಲೆ ಎಷ್ಟೋ ಬರೋಕ್ ಅರಮನೆಗಳು ಆಯಾ ಊರಿನ ಮ್ಯೂಸಿಯಂಗಳಾದವು. ಮೈಸೂರಿನ ಜಗನ್ಮೋಹನ ಅರಮನೆಯೂ 1915ರಿಂದ ಚಿತ್ರಶಾಲೆ. ಮಂಗಳೂರಿನಲ್ಲಿ ಹಿಂದಿನ ದೊರೆಗಳಾದ ಆಳುಪರ ಅರಮನೆ ಉಳಿದಿಲ್ಲ. ಇದ್ದದ್ದು ಬಿಜೈಯಲ್ಲಿ ಒಬ್ಬ ಡಾಕ್ಟರರ ಮನೆ. ಕರ್ನಲ್ ವಿ.ಆರ್. ಮಿರಜ್‌ಕರ್ ಲಾಹೋರಿನ ಕಿಂಗ್ ಎಡ್ವರ್ಡ್ ವೈದ್ಯಕೀಯ ಕಾಲೇಜಿನಲ್ಲಿ ಸರ್ಜರಿ ಪ್ರೊಫೆಸರರಾಗಿದ್ದವರು. ತಮ್ಮ ಬಂಗ್ಲೆಯನ್ನು ತಾಯಿಯ ನೆನಪಿಗೆಂದು ಸರ್ಕಾರಕ್ಕೆ ಬಿಟ್ಟುಕೊಟ್ಟರು. ಈ ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದದ್ದು 1956ರಲ್ಲಿ. ಮ್ಯೂಸಿಯಂ ಬಾಗಿಲು ತೆರೆದದ್ದು 1960ರಲ್ಲಿ.

ಮನೆಯನ್ನು ಹೊರಗಿನಿಂದಲೇ ಒಂದು ಸುತ್ತು ನೋಡಬೇಕು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಊರಿಗೆ ಊರೇ ಕೆಂಪು ಮಾಡು ಹೊದ್ದಿತ್ತು. ಅದರ ನಡುವೆ ಈ ಹಡಗು! 1930ರ ದಶಕದಲ್ಲಿ ಮುಂಬಯಿಯ ಮರೀನ್ ಡ್ರೈವಿನ ಕಟ್ಟಡಗಳೂ ಹಡಗಿನ ಅಂದಕ್ಕೆ ಮನಸೋತಿದ್ದವು, ನಿಜ. ಆದರೆ ಅಲ್ಲಿ ಎದುರಿಗೇ ಕಡಲು. ಇಲ್ಲಿ ಎದುರಿಗೆ ಸಿಗುವುದು ಬೆಂಗಳೂರು ಬಸ್ಸು.

ಒಳಗೆ ಶಿಲ್ಪ, ಶಾಸನ, ನಾಣ್ಯ, ವರ್ಣಚಿತ್ರ, ಪಿಂಗಾಣಿ. ನಾಣ್ಯಗಳನ್ನು ನೋಡಲು ಬಗ್ಗಿದೆ. ಗಾಜಿನಲ್ಲಿ ನನ್ನ ಮುಖವೇ ಮೊದಲು ಕಂಡಿತು. ಕೈ ಅಡ್ಡ ಹಿಡಿದಾಗ ಮಾತ್ರ ಸವೆದ ಅಕ್ಷರಗಳು ಮೇಲೆದ್ದವು. ಶಾಸನದ ಕಲ್ಲುಗಳಿಗೂ ಇದೇ ಉಪಾಯ: ನೇರ ಬೆಳಕಿನಲ್ಲಿ ಮಂಕಾಗಿ ಕಾಣುವ ಸಾಲು ಓರೆ ಬೆಳಕಿಗೆ ಬಾಯಿಬಿಡುತ್ತದೆ. ಅವಸರದವರಿಗೆ ಇಲ್ಲಿ ಕೆಲಸವಿಲ್ಲ.

ಮಂಗಳೂರಿನ ಅತಿ ಚೆಲುವಿನ ಕಂಚಿನ ಮೂರ್ತಿ ಇಲ್ಲಿಲ್ಲ ಎಂದು ಬೇಸರಪಡಬೇಡಿ. ಆಳುಪ ಕುಂದವರ್ಮನ ಕಾಲದ, ಪೀಠದಲ್ಲಿ 968ರ ಶಾಸನವಿರುವ ಲೋಕೇಶ್ವರ ಪಕ್ಕದ ಕದ್ರಿ ದೇವಸ್ಥಾನದಲ್ಲಿ ಇಂದಿಗೂ ಪೂಜೆಗೊಳ್ಳುತ್ತಿದೆ. ಅದು ಅಲ್ಲಿರುವುದೇ ಸರಿ. ಬಿಜೈಯ ಸಂಗ್ರಹದಲ್ಲಿ ನನ್ನ ಮಟ್ಟಿಗೆ ಮೊದಲ ವಸ್ತು ಈ ಮನೆಯೇ, ಎರಡನೆಯದು ಅದರ ಫಲಕದ ಮೇಲಿನ ತಾಯಿಯ ಹೆಸರು.

ಕೆಎಸ್ಸಾರ್ಟಿಸಿ ನಿಲ್ದಾಣದಲ್ಲಿ ಬಸ್ಸಿಗೆ ಒಂದು ಗಂಟೆ ಕಾಯಬೇಕಾಗಿ ಬಂದರೆ ನಡೆದೇ ಹೋಗಿ ಬನ್ನಿ. ಸೋಮವಾರ ಮಾತ್ರ ಬೇಡ, ಅಂದು ರಜೆ.