ಕವಡೆಯ ಸರಕ್ಕೆ ಕೂಲಿಯೇ ಬಂಗಾರ

ಬಂಗಾರವನ್ನು ತೂಗುವುದಕ್ಕೆ ನಮ್ಮ ಅಕ್ಕಸಾಲಿಗರು ಹಿಂದೆ ಬಳಸುತ್ತಿದ್ದ ಗುಲಗಂಜಿಯು ಬೇಲಿಯ ಮೇಲೆ ಹಬ್ಬುವ ಬಳ್ಳಿಯೊಂದರ ಬೀಜವೆಂಬುದು ವಾಚಕರಿಗೆ ತಿಳಿದ ವಿಷಯವೇ. ಒಂದು ಬೀಜದ ತೂಕ ಸುಮಾರು 120 ಮಿಲಿಗ್ರಾಂ. ಸಂಪನ್ನರ ಮನೆಯ ಒಡವೆಗೆ ತೂಕದ ಕಲ್ಲಾಗಿದ್ದ ಈ ಬೀಜವನ್ನೇ ಬಡವರು ದಾರದಲ್ಲಿ ಪೋಣಿಸಿ ಒಡವೆಯಾಗಿ ತೊಟ್ಟರು. ಒಡವೆಯ ಬೆಲೆಯು ಪದಾರ್ಥದಲ್ಲಿದೆಯೋ ಕೈಕೆಲಸದಲ್ಲಿದೆಯೋ ಎಂಬ ಪ್ರಶ್ನೆಯು ಈ ಪುಟ್ಟ ಬೀಜದಲ್ಲಿಯೇ ಅಡಗಿದೆ. ಇಂದು ಆ ಪ್ರಶ್ನೆಯನ್ನು ಎತ್ತುವುದಕ್ಕೆ ಕಾರಣವುಂಟು.

ಈಚೆಗೆ ನಮ್ಮ ಪಟ್ಟಣಗಳಲ್ಲಿ ಗುಂಡಿ, ತೆಂಗಿನ ಚಿಪ್ಪು, ಸುತ್ತಿದ ಕಾಗದ, ಕೆಟ್ಟ ಗಡಿಯಾರದ ಚಕ್ರ, ಹಳೆಯ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ, ಇಂಥವುಗಳಿಂದ ಸರ, ಓಲೆ, ಬಳೆಗಳನ್ನು ಕೈಯಿಂದಲೇ ಮಾಡಿ ಮಾರುವ ಪದ್ಧತಿಯು ಬೆಳೆಯುತ್ತಿದೆ. ವಿದ್ಯಾವಂತ ತರುಣಿಯರು ಅನೇಕರು ಇದರಲ್ಲಿ ಕೈಹಾಕಿದ್ದಾರೆ. ಬಂಗಾರದ ಬೆಲೆಯು ಮಧ್ಯಮ ವರ್ಗದವರ ಕೈಗೆ ಎಟುಕದಷ್ಟು ಏರಿರುವ ಈ ದಿನಗಳಲ್ಲಿ ಇದು ಸ್ವಾಗತಾರ್ಹವಾದುದೆಂದೇ ನಾವು ಭಾವಿಸುತ್ತೇವೆ. ಆದರೆ ಇದನ್ನು ಹೊಸದೊಂದು ಆವಿಷ್ಕಾರವೆಂಬಂತೆ ಕೊಂಡಾಡುವವರಿಗೆ ನಾವು ಒಂದು ಮಾತನ್ನು ಜ್ಞಾಪಿಸಬೇಕಾಗಿದೆ. ಕೈಗೆ ಸಿಕ್ಕ ಪದಾರ್ಥವನ್ನು ಆಭರಣವನ್ನಾಗಿ ಮಾಡುವ ವಿದ್ಯೆಯು ಕರ್ಣಾಟಕದ ತಾಂಡೆಗಳಲ್ಲಿ ತಲೆತಲಾಂತರದಿಂದ ನಡೆದುಬಂದುದು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಇಲ್ಲಿಯೂ ನಿಜವಾಗಿದೆ.

ವಿಜಯಪುರ, ಕಲಬುರಗಿ, ಬಳ್ಳಾರಿ ಮೊದಲಾದ ಜಿಲ್ಲೆಗಳಲ್ಲಿ ನೆಲೆಸಿರುವ ಲಂಬಾಣಿ ಜನರು ಹಿಂದೆ ಎತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ದೇಶದ ಉದ್ದಗಲಕ್ಕೂ ಸಂಚರಿಸುತ್ತಿದ್ದ ವರ್ತಕರು. ಮೊಗಲರ ದಂಡಿಗೂ, ಟಿಪ್ಪುವಿನ ದಂಡಿಗೂ, ಬಳಿಕ ಇಂಗ್ಲಿಷರ ದಂಡಿಗೂ ಆಹಾರ ಸಾಮಗ್ರಿಯನ್ನು ಒದಗಿಸಿದವರು ಇವರೇ. ಸಂಚಾರವೇ ಬಾಳಾಗಿದ್ದವರಿಗೆ ಮನೆಯೆಲ್ಲಿ, ಪೆಟ್ಟಿಗೆಯೆಲ್ಲಿ? ಗಳಿಸಿದುದನ್ನು ಮೈಮೇಲೆಯೇ ಹೊರಬೇಕಾಗಿತ್ತು. ವ್ಯಾಪಾರದಲ್ಲಿ ಕೈಗೆ ಬಂದ ನಾಣ್ಯವು ಕೊರಳ ಸರವಾಯಿತು. ಮಾಲ್ಡೀವ್ ದ್ವೀಪಗಳಿಂದ ಬಂದು ಒಂದು ಕಾಲದಲ್ಲಿ ಚಿಲ್ಲರೆ ಹಣವಾಗಿ ನಡೆಯುತ್ತಿದ್ದ ಕವಡೆಯು ರವಿಕೆಯ ಅಂಚಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುಗಾಡಿಯು ಹಬ್ಬಿದ ಮೇಲೆ ಇವರ ಹೇರಾಟವು ಮುರಿದುಬಿದ್ದಿತು. ಅದು ಸಾಲದೆಂಬಂತೆ, 1871ರಲ್ಲಿ ಮೊದಲಾದ ಅಪರಾಧಿ ಬುಡಕಟ್ಟುಗಳ ಶಾಸನದ ಬಲೆಯಲ್ಲಿ ಇವರ ತಂಡಗಳೂ ಅನೇಕ ಸಿಕ್ಕಿಬಿದ್ದವು. ಹುಟ್ಟಿನಿಂದಲೇ ಮನುಷ್ಯನನ್ನು ಅಪರಾಧಿಯೆಂದು ಎಣಿಸಿದ ಆ ಹೀನ ಶಾಸನವು ಸ್ವತಂತ್ರ ಭಾರತದಲ್ಲಿ, 1952ರಲ್ಲಿ, ರದ್ದಾಯಿತು. ಇಷ್ಟೆಲ್ಲ ಕಷ್ಟಗಳ ನಡುವೆಯೂ ಲಂಬಾಣಿ ಸ್ತ್ರೀಯರು ತಮ್ಮ ಒಡವೆಯ ವಿದ್ಯೆಯನ್ನು ಕೈಬಿಡಲಿಲ್ಲ.

ಆ ವಿದ್ಯೆಯ ಸ್ವರೂಪವನ್ನು ಸ್ವಲ್ಪ ನೋಡೋಣ. ಕವಡೆಯ ಉಬ್ಬಿದ ಬೆನ್ನನ್ನು ಒಡೆದೋ ಉಜ್ಜಿಯೋ ತೆಗೆದುಬಿಟ್ಟರೆ ಅದು ಬಟ್ಟೆಯ ಮೇಲೆ ಚಪ್ಪಟೆಯಾಗಿ ಕೂಡುತ್ತದೆ. ದಾರವು ಹಾಯುವುದಕ್ಕೆ ದಾರಿಯೂ ಆಗುತ್ತದೆ. ನಾಣ್ಯಕ್ಕೆ ತೂತು ಕೊರೆಯುತ್ತಾರೆ, ಇಲ್ಲವೆ ಮೇಲಂಚಿಗೆ ಸಣ್ಣ ಕೊಂಡಿಯನ್ನು ಬೆಸೆಯಿಸುತ್ತಾರೆ. ಲೋಹದ ಕೆಲಸವು ಬಹುಮಟ್ಟಿಗೆ ಊರ ಕಸಬುದಾರರದು. ಮಣಿಗಳನ್ನು ಬಣ್ಣಕ್ಕೆ ಬಣ್ಣ ಹೊಂದಿಸಿ ಪೋಣಿಸುವುದು, ನಡುನಡುವೆ ಗಂಟುಹಾಕುವುದು, ಉಣ್ಣೆಯ ಕುಚ್ಚನ್ನು ಕಟ್ಟುವುದು, ಕನ್ನಡಿಯ ಚೂರಿನ ಸುತ್ತ ಹೊಲಿಗೆ ಹಾಕುವುದು, ಇವೆಲ್ಲ ಸ್ತ್ರೀಯರ ಕೈಯವು. ಗಂಟುಗಳ ಉಪಯೋಗವನ್ನು ತಿಳಿದವರೇ ಬಲ್ಲರು: ದಾರವು ಒಂದೆಡೆ ತುಂಡಾದರೆ ಒಂದೆರಡು ಮಣಿ ಹೋದೀತು, ಸರವೆಲ್ಲ ಚೆಲ್ಲಿಹೋಗದು. ಮದುವೆಯಾದವಳು ಕೆನ್ನೆಯ ಇಕ್ಕೆಲಗಳಲ್ಲಿ ಇಳಿಬಿಡುವ ಘುಗರಿ ಟೋಪ್ಲಿ, ಕತ್ತನ್ನು ಬಳಸುವ ಹಾಂಸ್ಲಿ, ತೋಳು ತುಂಬ ತೊಡುವ ಬಲಿಯಾ, ಒಂದೊಂದಕ್ಕೂ ಅದರದೇ ಆದ ಸ್ಥಾನವುಂಟು, ಅರ್ಥವುಂಟು.

ಪದಾರ್ಥಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿವೆ. ಇಂಗ್ಲಿಷರ ಕಾಲದ ಬೆಳ್ಳಿ ರೂಪಾಯಿಯು 11.66 ಗ್ರಾಂ ತೂಗುತ್ತಿತ್ತು. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಯುದ್ಧದ ಇಕ್ಕಟ್ಟಿನಲ್ಲಿ, 1940ರಲ್ಲಿ, ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು; 1947ರ ರೂಪಾಯಿಯು ಬರಿಯ ನಿಕ್ಕಲ್. ಹೀಗೆ ತಾಂಡೆಯ ನಾಣ್ಯದ ಸರವೊಂದನ್ನು ಸರಿಯಾಗಿ ಓದಬಲ್ಲವನಿಗೆ ದೇಶದ ಹಣಕಾಸಿನ ಚರಿತ್ರೆಯೇ ಅದರಲ್ಲಿ ಕಾಣುವುದು. ಬೆಳ್ಳಿಯು ತುಟ್ಟಿಯಾದ ಮೇಲೆ ಜರ್ಮನ್ ಸಿಲ್ವರ್ ಬಂದಿತು. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದು ತಾಮ್ರ, ನಿಕ್ಕಲ್, ಸತುಗಳ ಮಿಶ್ರಣವೇ ಹೊರತು ಅದರಲ್ಲಿ ಬೆಳ್ಳಿಯ ಲೇಶವೂ ಇಲ್ಲ. ದಂತದಿಂದಲೂ ಎಲುಬಿನಿಂದಲೂ ಆಗುತ್ತಿದ್ದ ಬಲಿಯಾಗಳು ಈಗ ಪ್ಲಾಸ್ಟಿಕ್ಕಿನವು. 1972ರ ವನ್ಯಜೀವಿ ಸಂರಕ್ಷಣಾ ಶಾಸನಕ್ಕೆ 1986ರಲ್ಲಿ ಆದ ತಿದ್ದುಪಡಿಯು ದಂತದ ವ್ಯಾಪಾರವನ್ನು ನಿಷೇಧಿಸಿತು. ಆನೆಗಳ ಹಿತದೃಷ್ಟಿಯಿಂದ ಅದು ಯುಕ್ತವೇ ಆಗಿದೆ. ದಂತ ಹೋಯಿತು, ಬೆಳ್ಳಿ ಹೋಯಿತು, ಒಡವೆ ಮಾತ್ರ ಉಳಿಯಿತು. ಇದರಿಂದ ಸ್ಪಷ್ಟವಾಗುವುದೇನೆಂದರೆ, ಆ ಒಡವೆಯ ಪ್ರಾಣವು ಪದಾರ್ಥದಲ್ಲಿರಲಿಲ್ಲ, ಕಟ್ಟುವ ಕೈಯಲ್ಲಿತ್ತು.

ಮಣಿಯ ವಿಷಯದಲ್ಲಿಯೂ ಹೀಗೆಯೇ. ಗಾಜಿನ ಮಣಿಯನ್ನು ಮಾಡುವುದರಲ್ಲಿ ದಕ್ಷಿಣ ಭಾರತವು ಪ್ರಾಚೀನ ಕಾಲದಿಂದಲೂ ಪ್ರಸಿದ್ಧ. ಪುದುಚ್ಚೇರಿಯ ಹತ್ತಿರದ ಅರಿಕಮೇಡಿನಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಕಾದ ಗಾಜನ್ನು ಟೊಳ್ಳು ಕೊಳವೆಯಾಗಿ ಎಳೆದು, ತುಂಡರಿಸಿ, ಮಣಿ ಮಾಡುತ್ತಿದ್ದರು; ಆ ಬಗೆಯ ಮಣಿಗಳು ಸಮುದ್ರವನ್ನು ದಾಟಿ ಆಗ್ನೇಯ ಏಷ್ಯದ ದೇಶಗಳವರೆಗೂ ಹೋದವು. ಆಂಧ್ರದ ಪಾಪಾನಾಯುಡುಪೇಟೆಯಲ್ಲಿ ಇದೇ ವಿಧಾನವು ನಮ್ಮ ಕಾಲದವರೆಗೂ ಉಳಿದುಬಂದಿತು. ತುಂಡುಗಳ ಚೂಪಾದ ಅಂಚು ಹೋಗಬೇಕಾದರೆ ಅವನ್ನು ಬೂದಿಯೊಡನೆ ಕಾಯಿಸಿ ತಿರುವುವರು. ಬೂದಿಯಿರುವುದರಿಂದ ಮಣಿಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಇಂಥ ನಾಡಿಗೆ ವೆನಿಸ್, ಬೊಹಿಮಿಯಗಳ ಮಣಿಗಳು ಹಡಗು ಹಡಗಾಗಿ ಬಂದು ಇಳಿದ ಕಾಲವೊಂದಿತ್ತು. ಈಗ ಚೀನದ ಯಂತ್ರಗಳ ಮಣಿಗಳು ಸಂತೆ ಸಂತೆಗಳಲ್ಲಿ ಅಗ್ಗವಾಗಿ ದೊರೆಯುತ್ತವೆ. ಬಡ ಸ್ತ್ರೀಯು ಅಗ್ಗದ ಮಣಿಯನ್ನು ಕೊಂಡಳೆಂದು ನಾವು ಅವಳನ್ನು ದೂಷಿಸಲಾರೆವು. ಆದರೆ ಮಣಿಯೊಡನೆ ಸರವೂ ಯಂತ್ರದಿಂದಲೇ ತಯಾರಾಗಿ, ತಗಡಿನ ನಕಲಿ ನಾಣ್ಯಗಳನ್ನು ತೂಗಿಸಿಕೊಂಡು, ಲಂಬಾಣಿ ಮಾದರಿಯೆಂಬ ಹೆಸರಿನಲ್ಲಿ ಮಾರಾಟವಾಗುವಾಗ ಸುಮ್ಮನಿರುವುದು ಸಾಧ್ಯವಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಬಂಗಾರದ ಅಂಗಡಿಯಲ್ಲಿ ಒಡವೆಗೆ ಕ್ರಯ ಕಟ್ಟುವ ರೀತಿಯನ್ನು ಎಲ್ಲರೂ ಬಲ್ಲರು. ಮೊದಲು ಲೋಹದ ತೂಕ, ಅದರ ಮೇಲೆ ಕೂಲಿ. ಕೂಲಿಯನ್ನು ಬಂಗಾರದ ಬೆಲೆಯ ಮೇಲೆ ಶೇಕಡಾ ಇಷ್ಟೆಂದು ಹಾಕಿದರೂ ಗ್ರಾಹಕನು ತಲೆದೂಗಿ ಕೊಟ್ಟುಬರುತ್ತಾನೆ. ಕವಡೆ, ಗಾಜು, ದಾರಗಳ ಸರದಲ್ಲಿ ಲೋಹದ ತೂಕವೆಂಬುದು ಶೂನ್ಯ, ಉಳಿದುದೆಲ್ಲ ಕೂಲಿಯೇ. ಆ ಕೂಲಿಯನ್ನು ಎಣಿಸದಿದ್ದರೆ ಸರಕ್ಕೆ ಬೆಲೆಯೇ ಇಲ್ಲವೆಂದಾಯಿತು. "ಇದರಲ್ಲಿ ಏನಿದೆಯಮ್ಮಾ, ನಾಲ್ಕು ಕವಡೆ" ಎಂದು ಚೌಕಾಸಿ ಮಾಡುವವರು ಮೂರು ದಿನಗಳ ದುಡಿಮೆಯನ್ನು ಶೂನ್ಯವೆಂದು ಸಾರುತ್ತಿದ್ದಾರೆ.

ಒಂದು ಲೆಕ್ಕವನ್ನು ಹಾಕೋಣ. ಒಂದು ಸರಕ್ಕೆ 140 ರೂಪಾಯಿಯ ಸಾಮಗ್ರಿಯೂ ಮೂರು ದಿನಗಳ ಕೆಲಸವೂ ಹಿಡಿದವೆಂದಿಟ್ಟುಕೊಳ್ಳೋಣ. ಅದು 500 ರೂಪಾಯಿಗೆ ಮಾರಾಟವಾದರೆ ಕೆಲಸಗಾತಿಗೆ ದಕ್ಕಿದುದು ದಿನಕ್ಕೆ 120 ರೂಪಾಯಿ. 2024-25ನೆಯ ಸಾಲಿನಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ಕೆಳಗೆ ಕರ್ಣಾಟಕಕ್ಕೆ ನಿಗದಿಯಾಗಿದ್ದ ದಿನಗೂಲಿಯು 349 ರೂಪಾಯಿ. ಕೆರೆಯ ಮಣ್ಣು ಹೊರುವವಳಿಗೆ ಸಲ್ಲುವ ಆ ಕೂಲಿಯನ್ನಾದರೂ ಕೊಡಬೇಕೆಂದರೆ ಸರದ ಬೆಲೆಯು 1187 ರೂಪಾಯಿಯಾಗಬೇಕು. ಮಣ್ಣು ಹೊರುವ ಕೆಲಸವನ್ನು ನಾವು ಕೀಳೆನ್ನುವುದಿಲ್ಲ. ಬಾಲ್ಯದಿಂದ ಕಲಿತ ಸೂಕ್ಷ್ಮವಾದ ಕೈಕಸಬಿಗೆ ಅದರ ಸುಮಾರು ಮೂರರಲ್ಲೊಂದು ಪಾಲಷ್ಟೇ ಬರುವುದೆಂದರೆ, ತಾಯಿಯು ಮಗಳಿಗೆ ಯಾವ ಬಾಯಿಂದ ಅದನ್ನು ಕಲಿ ಎಂದಾಳು? ಸುಗ್ಗಿ ಮುಗಿದೊಡನೆ ತಾಂಡೆಗಳಿಂದ ಗೋವೆಗೂ ಮಹಾರಾಷ್ಟ್ರಕ್ಕೂ ಬೆಂಗಳೂರಿಗೂ ಗುಳೆ ಹೊರಡುವ ಕುಟುಂಬಗಳಲ್ಲಿ ಈ ಕೈಗಳೂ ಸೇರಿವೆ. ಇಟ್ಟಿಗೆ ಹೊತ್ತು ಬಿರುಸಾದ ಬೆರಳುಗಳಿಗೆ ಮತ್ತೆ ಸೂಜಿಯು ಒಗ್ಗುವುದು ಸುಲಭವಲ್ಲ.

ಅನ್ಯದೇಶಗಳಲ್ಲಿ ಇಂಥ ಕೆಲಸವು ಹೇಗೆ ಬಾಳುತ್ತಿದೆಯೆಂಬುದನ್ನು ನೋಡಿದರೆ ನಮಗೆ ಬುದ್ಧಿ ಬಂದೀತು. ಆಫ್ರಿಕ ಖಂಡದ ಘಾನಾ ದೇಶದ ಕ್ರೋಬೊ ಜನರು ಒಡೆದ ಸೀಸೆಗಳನ್ನು ಕುಟ್ಟಿ ಪುಡಿಮಾಡಿ, ಮಣ್ಣಿನ ಅಚ್ಚಿನ ಗುಳಿಗಳಲ್ಲಿ ತುಂಬಿ, ನಡುವೆ ಮರಗೆಣಸಿನ ಎಲೆಯ ತೊಟ್ಟನ್ನು ನಿಲ್ಲಿಸಿ ಒಲೆಯಲ್ಲಿಡುತ್ತಾರೆ. ತೊಟ್ಟು ಸುಟ್ಟುಹೋಗಿ ದಾರದ ರಂಧ್ರವಾಗುತ್ತದೆ. ಪುಡಿಯು ಬೆಸೆದು ಮಣಿಯಾಗುತ್ತದೆ. ಅಲ್ಲಿ ಹುಡುಗಿಯರು ಪ್ರಾಯಕ್ಕೆ ಬಂದಾಗ ನಡೆಯುವ ಡಿಪೊ ಎಂಬ ವಿಧಿಯಲ್ಲಿ ಮಣಿಸರಗಳೇ ಭೂಷಣ. ದಕ್ಷಿಣ ಆಫ್ರಿಕದಲ್ಲಿ ಜುಲು ಜನರ ರಾತ್ರಿಯ ಕಾವಲುಗಾರರು ಟೆಲಿಫೋನಿನ ಬಣ್ಣ ಬಣ್ಣದ ತಂತಿಯ ತುಂಡುಗಳನ್ನು ತಮ್ಮ ಕೋಲಿಗೆ ಹೆಣೆಯತೊಡಗಿದರು. ಆ ಹೆಣಿಗೆಯೇ ಬೆಳೆದು ಇಂದು ಬುಟ್ಟಿ, ಬಳೆಗಳ ರೂಪದಲ್ಲಿ ಹೊರದೇಶಗಳಲ್ಲಿ ಮಾರಾಟವಾಗುತ್ತಿದೆ. ಸೀಸೆಯ ಚೂರು, ತಂತಿಯ ತುಂಡುಗಳಿಂದ ಆದುದೆಂದು ಇವನ್ನು ಕೊಳ್ಳುವವರು ಕೀಳಾಗಿ ಕಾಣುವುದಿಲ್ಲ. ಕೆಲಸವನ್ನು ನೋಡಿ ಬೆಲೆ ಕೊಡುತ್ತಾರೆ.

ನಮ್ಮಲ್ಲಿ ಏನೂ ಆಗಿಲ್ಲವೆಂದು ಹೇಳುವುದು ನ್ಯಾಯವಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯು ದೊರೆಯಿತು. 2023ನೆಯ ಜುಲೈ ತಿಂಗಳಿನಲ್ಲಿ ಹಂಪೆಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಕಾರ್ಯಸಮಿತಿಯು ನೆರೆದಾಗ, ಸಂಡೂರು ಕುಶಲ ಕಲಾ ಕೇಂದ್ರಕ್ಕೆ ಸೇರಿದ 450ಕ್ಕಿಂತ ಹೆಚ್ಚು ಲಂಬಾಣಿ ಸ್ತ್ರೀಯರು ತಯಾರಿಸಿದ 1755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯನ್ನು ಸೇರಿತು. ಇದು ಕನ್ನಡಿಗರೆಲ್ಲರಿಗೂ ಹೆಮ್ಮೆಯ ಸಂಗತಿ. ಆದರೆ ಪ್ರದರ್ಶನದ ಕೀರ್ತಿಯು ತಾಂಡೆಯ ಒಲೆಯವರೆಗೆ ಮುಟ್ಟಬೇಕಾದರೆ ಇನ್ನೂ ಕೆಲವು ಕೆಲಸಗಳಾಗಬೇಕು.

ಮೊದಲನೆಯದಾಗಿ, ತಾಂಡಾ ಅಭಿವೃದ್ಧಿ ನಿಗಮವೂ ಸಹಕಾರ ಸಂಘಗಳೂ ಕೂಡಿ, ಸರ ಬಳೆಗಳಿಗೆ ದಿನಗೂಲಿಯ ಲೆಕ್ಕದ ಮೇಲೆ ಕ್ರಯವನ್ನು ಗೊತ್ತುಮಾಡಿ, ಸಾಮಗ್ರಿ ಎಷ್ಟು, ಕೂಲಿ ಎಷ್ಟು ಎಂಬುದನ್ನು ಚೀಟಿಯ ಮೇಲೆ ಬೇರೆ ಬೇರೆಯಾಗಿ ಬರೆದು ಮಾರಬೇಕು. ಕೂಲಿಯು ಕಣ್ಣಿಗೆ ಕಂಡರೆ ಚೌಕಾಸಿಗೆ ನಾಚಿಕೆಯಾದೀತು. ಎರಡನೆಯದಾಗಿ, ಮುದುಕಿಯರ ಮೈಮೇಲೆ ಉಳಿದಿರುವ ಹಳೆಯ ಒಡವೆಗಳು ಕಷ್ಟಕಾಲದಲ್ಲಿ ಬೆಳ್ಳಿಯ ತೂಕಕ್ಕೆ ಮಾರಿಹೋಗಿ ಮೂಸೆಯಲ್ಲಿ ಕರಗುವುದಕ್ಕೆ ಮುಂಚೆ, ನಮ್ಮ ವಸ್ತುಸಂಗ್ರಹಾಲಯಗಳು ಯೋಗ್ಯವಾದ ಬೆಲೆಯನ್ನು ಕೊಟ್ಟು ಅವನ್ನು ಕೊಳ್ಳಬೇಕು. ಮಾಡಿದವಳ ಹೆಸರು ತಿಳಿದಿದ್ದರೆ ಅದನ್ನೂ ಬರೆದಿಡಬೇಕು. ಮೂರನೆಯದಾಗಿ, ತಾಂಡೆಯ ಶಾಲೆಗಳಲ್ಲಿ ವಾರಕ್ಕೊಂದು ಗಂಟೆ ಈ ಕೈಕೆಲಸಕ್ಕೆ ಮೀಸಲಾಗಲಿ. ಕಲಿಸುವವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮಕ್ಕಳ ಅಜ್ಜಿಯರೇ ಇದ್ದಾರೆ. ಅವರಿಗೆ ಗೌರವಧನವು ಸಲ್ಲಲಿ.

ಪಟ್ಟಣದ ತರುಣ ಕೆಲಸಗಾರರಿಗೂ ಎರಡು ಮಾತು. ಸಿಕ್ಕಿದ ಪದಾರ್ಥವೆಲ್ಲ ಮೈಗೆ ಹಿತವಾದುದಲ್ಲ. ನಿಕ್ಕಲ್ ಸೇರಿದ ತಂತಿಯಿಂದ ಕೆಲವರ ಕಿವಿ, ಕತ್ತುಗಳಲ್ಲಿ ತುರಿಕೆಯೇಳುತ್ತದೆ. ಸೀಸವು ವಿಷ, ಹಳೆಯ ಬೆಸುಗೆಯಲ್ಲಿ ಅದಿರುವುದುಂಟು. ಗುಲಗಂಜಿಯ ಹೊಟ್ಟೆಯಲ್ಲಿಯೂ ಉಗ್ರ ವಿಷವಿದೆ. ತೂತು ಕೊರೆದ ಬೀಜವು ಮಗುವಿನ ಬಾಯಿಗೆ ಹೋದರೆ ಪ್ರಾಣಾಪಾಯ. ಆದುದರಿಂದ ಯಾವುದನ್ನು ಪೋಣಿಸುತ್ತೇವೆಂಬುದನ್ನು ತಿಳಿದು ಪೋಣಿಸಬೇಕು. ಇನ್ನು, ತಾಂಡೆಯ ಮಾದರಿಯನ್ನು ಅನುಸರಿಸುವವರು ಅದರ ಮೂಲವನ್ನು ಮರೆಮಾಚದೆ ಹೇಳಲಿ. ಸಾಧ್ಯವಿದ್ದವರು ಆ ಸ್ತ್ರೀಯರಿಗೇ ಕೆಲಸವನ್ನು ಒಪ್ಪಿಸಿ ನ್ಯಾಯವಾದ ಕೂಲಿಯನ್ನು ಕೊಡಲಿ.

ಸ್ವದೇಶಿಯೆಂದರೆ ನಮ್ಮ ನಾಡಿನ ಪದಾರ್ಥವನ್ನು ಕೊಳ್ಳುವುದೆಂದಷ್ಟೇ ಅರ್ಥಮಾಡಿದರೆ ಸಾಲದು. ನಮ್ಮ ನಾಡಿನ ದುಡಿಮೆಗೆ ತಕ್ಕ ಬೆಲೆಯನ್ನು ಕೊಡುವುದೇ ಅದರ ತಿರುಳು. ಮುಂದಿನ ಸಂತೆಯಲ್ಲಿಯೋ ಜಾತ್ರೆಯಲ್ಲಿಯೋ ಕವಡೆಯ ಸರವನ್ನು ಕೈಗೆತ್ತಿಕೊಳ್ಳುವ ಸೋದರಿಯರು, ಬೆಲೆಯನ್ನು ಕೇಳುವುದಕ್ಕೆ ಮೊದಲು "ಇದಕ್ಕೆ ಎಷ್ಟು ದಿನ ಹಿಡಿಯಿತಮ್ಮಾ?" ಎಂದು ಕೇಳಲಿ. ಉತ್ತರವನ್ನು ಕೇಳಿದ ಮೇಲೆ ಅವರಿಗೆ ತೋಚಿದ ಬೆಲೆಯನ್ನು ಕೊಡಲಿ. ಅದು ನ್ಯಾಯವಾದ ಬೆಲೆಯೇ ಆಗಿರುವುದೆಂಬ ನಂಬಿಕೆಯು ನಮಗುಂಟು.