ಎದುರಾಳಿಯೇ ನುಡಿದ ಸಾಕ್ಷ್ಯ: ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ

ಯುದ್ಧದಲ್ಲಿ ಮಡಿದ ವೀರನ ಪರಾಕ್ರಮವನ್ನು ಸಾಮಾನ್ಯವಾಗಿ ಅವನ ಒಡನಾಡಿಗಳು ಕಂಡು ಹೇಳುತ್ತಾರೆ. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ವಿಷಯದಲ್ಲಿ ಹಾಗಾಗಲಿಲ್ಲ. ಅವರ ಕೊನೆಯ ಹೋರಾಟವನ್ನು ಕಂಡ ಭಾರತೀಯನು ಒಬ್ಬನೂ ಇರಲಿಲ್ಲ. ಅದು ನಡೆದದ್ದು ಪರದೇಶದ ಬಾನಿನಲ್ಲಿ, ಕಂಡವನು ಎದುರಾಳಿಯೊಬ್ಬನೇ.

1932ರ ಡಿಸೆಂಬರ್ 24ರಂದು ಜನಿಸಿದ ದೇವಯ್ಯನವರು 1954ರಲ್ಲಿ ವಾಯುದಳದ ಅಧಿಕಾರಿಯಾದರು. ಕಿರಿಯರಿಗೆ ಹಾರಾಟ ಕಲಿಸುವ ಶಿಕ್ಷಕರಾಗಿಯೂ ಸೇವೆ ಸಲ್ಲಿಸಿದರು. ಅಧ್ಯಾಪಕ ಬಂಧುಗಳಿಗೆ ಈ ಸಂಗತಿ ವಿಶೇಷವಾಗಿ ಹಿಡಿಸೀತು. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ ಆರಂಭವಾದಾಗ ಅವರು ಒಂದನೆಯ ಸ್ಕ್ವಾಡ್ರನ್ನಿನಲ್ಲಿದ್ದರು.

ಸೆಪ್ಟೆಂಬರ್ 7ರ ನಸುಕಿನಲ್ಲಿ ವಿಂಗ್ ಕಮಾಂಡರ್ ಓಂಪ್ರಕಾಶ್ ತನೇಜಾ ಅವರ ನೇತೃತ್ವದಲ್ಲಿ ಪಂಜಾಬಿನ ಆದಂಪುರದಿಂದ ಮಿಸ್ಟೇರ್ ವಿಮಾನಗಳು ಸರಗೋಧ ವಾಯುನೆಲೆಯತ್ತ ಹೊರಟವು. ದಾಳಿಗೆ ನಿಯೋಜಿತವಾದ ವಿಮಾನಗಳು ಹನ್ನೆರಡು. ದೇವಯ್ಯನವರದು ಮೀಸಲು ಸ್ಥಾನ. ಆದರೂ ಅವರು ದಾಳಿಯಲ್ಲಿ ಪಾಲ್ಗೊಂಡರು. ಸರಗೋಧವು ಆ ವಿಮಾನಗಳ ಎಟುಕಿನ ಅಂಚಿನಲ್ಲಿತ್ತು. ದಾರಿಯಲ್ಲಿ ಕಾಳಗಕ್ಕೆ ನಿಂತರೆ ಮರಳಲು ಇಂಧನ ಸಾಲದೆಂಬುದು ಪ್ರತಿಯೊಬ್ಬ ಚಾಲಕನಿಗೂ ತಿಳಿದ ಮಾತು.

ಅವರನ್ನು ತಡೆದದ್ದು ಪಾಕಿಸ್ತಾನದ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ನಡೆಸುತ್ತಿದ್ದ ಸ್ಟಾರ್‌ಫೈಟರ್. ಅಮೆರಿಕದಲ್ಲಿ ತಯಾರಾದ ಈ ವಿಮಾನ ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲದು. ಫ್ರಾನ್ಸಿನ ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ಮುಟ್ಟಲಾರದು. ಕಾಗದದ ಮೇಲೆ ಇದು ಸರಿಜೋಡಿಯೇ ಅಲ್ಲ. ಆದರೆ ಸ್ಟಾರ್‌ಫೈಟರಿನ ರೆಕ್ಕೆಗಳು ಬಹಳ ಕಿರಿದು. ವೇಗ ತಗ್ಗಿಸಿ ನೆಲದ ಸಮೀಪದಲ್ಲಿ ತಿರುವುಗಳಿಗೆ ಇಳಿದೊಡನೆ ಅದರ ಮೇಲುಗೈ ಕರಗಿಹೋಗುತ್ತದೆ. ಮಿಸ್ಟೇರ್ ಅದಕ್ಕಿಂತ ಇಕ್ಕಟ್ಟಾಗಿ ತಿರುಗಬಲ್ಲದು. ಮೊದಲು ಪೆಟ್ಟು ತಿಂದದ್ದು ಮಿಸ್ಟೇರ್. ಅದು ಮುಗಿಯಿತೆಂದೇ ಹುಸೇನ್ ಭಾವಿಸಿದ್ದನು. ಗಾಯಗೊಂಡ ಆ ವಿಮಾನವು ತಿರುಗಿ ಬಂದು ತನ್ನ ತೋಪುಗಳಿಂದ ಸ್ಟಾರ್‌ಫೈಟರನ್ನು ಹೊಡೆಯಿತು. ಹುಸೇನ್ ಪ್ಯಾರಾಚೂಟಿನಿಂದ ಇಳಿದು ಬದುಕಿದನು, ದೇವಯ್ಯನವರು ಮರಳಲಿಲ್ಲ.

ಇತ್ತ ಆದಂಪುರದಲ್ಲಿ ತಿಳಿದದ್ದು ಇಷ್ಟೇ: ಒಂದು ವಿಮಾನ ಹಿಂದಿರುಗಿಲ್ಲ. ದೇವಯ್ಯನವರ ಹೆಸರು ಕಾಣೆಯಾದವರ ಪಟ್ಟಿಗೆ ಸೇರಿತು. ಸೇನಾ ಪುರಸ್ಕಾರಕ್ಕೆ ಸಾಕ್ಷ್ಯ ಬೇಕು. ನಿಯಮ ಸರಿಯಾದುದೇ, ಆದರೆ ಒಂಟಿಯಾಗಿ ಹೋರಾಡಿ ಮಡಿದವನಿಗೆ ಅದು ಎಷ್ಟು ಕಠಿಣ! ಮನೆಯವರ ಪಾಲಿಗೆ ‘ಕಾಣೆಯಾದವರು’ ಎಂಬ ಒಂದೇ ಪದದೊಡನೆ ವರ್ಷಗಳು ಉರುಳಿದವು.

1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನಿ ವಾಯುದಳದ ಸಹಕಾರದಿಂದ ಆ ಯುದ್ಧದ ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಸ್ಟಾರ್‌ಫೈಟರೊಂದು ಮಿಸ್ಟೇರ್‌ನೊಡನೆ ಸೆಣಸಿ ಉರುಳಿದ ವೃತ್ತಾಂತ ಅದರಲ್ಲಿತ್ತು. ಆ ನಸುಕಿನ ತಂಡದಲ್ಲಿ ಹಿಂದಿರುಗದ ಮಿಸ್ಟೇರ್ ಒಂದೇ ಆದುದರಿಂದ ಅದರ ಚಾಲಕನು ಯಾರೆಂಬುದರಲ್ಲಿ ಸಂದೇಹವುಳಿಯಲಿಲ್ಲ. ತನೇಜಾ ಅವರು ತಮ್ಮ ಸಹೋದ್ಯೋಗಿಯ ಪರವಾಗಿ ಸರ್ಕಾರಕ್ಕೆ ಬರೆದರು. ಹಗೆಯ ಕಡೆಯಿಂದ ಬಂದ ಈ ಸಾಕ್ಷ್ಯಕ್ಕಿಂತ ನಿಷ್ಪಕ್ಷಪಾತವಾದುದು ಬೇರಾವುದಿದ್ದೀತು?

1988ರಲ್ಲಿ, ಅಂದರೆ ಇಪ್ಪತ್ಮೂರು ವರ್ಷಗಳ ತರುವಾಯ, ಸ್ಕ್ವಾಡ್ರನ್ ಲೀಡರ್ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಘೋಷಣೆಯಾಯಿತು. ಅವರ ಪತ್ನಿ ಅದನ್ನು ಸ್ವೀಕರಿಸಿದರು.