ಫೋನಿನಿಂದ ಪಂಪು ಹಾಕುವವರ ಗಮನಕ್ಕೆ

ಹನೂರಿನ ಕಾಡಂಚಿನಲ್ಲಿ ಅರಿಶಿನ, ಮುಸುಕಿನ ಜೋಳ ಬೆಳೆಯುವವರಿಗೂ ಯಳಂದೂರಿನ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನವರಿಗೂ ರಾತ್ರಿ ಕರೆಂಟ್ ಬಂದಾಗ ಪಂಪ್‌ಸೆಟ್ ಹಾಕಲು ಹೋಗುವುದೆಂದರೆ ಆನೆಯ ಭಯ. ಕೊಳ್ಳೇಗಾಲದ ಕಡೆ ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟುವವರಿಗೆ ನಿದ್ದೆಗೇಡು. ಮನೆಯಲ್ಲಿ ಕುಳಿತೇ ಮೋಟಾರು ಚಾಲೂ ಮಾಡುವ ಮೊಬೈಲ್ ಸ್ಟಾರ್ಟರ್ ಇಂಥವರಿಗೆ ನಿಜಕ್ಕೂ ಉಪಕಾರಿ. ಪುಣೆಯ ಎಂಜಿನಿಯರ್ ಸಂತೋಷ್ ಓಸ್ತವಾಲ್ ರೂಪಿಸಿದ ‘ನ್ಯಾನೋ ಗಣೇಶ್’ ಈ ಬಗೆಯ ಸಾಧನಗಳಲ್ಲಿ ಹೆಸರಾದದ್ದು.

ಆದರೆ ರೈತ ಬಾಂಧವರು ಒಂದು ವಿಷಯವನ್ನು ತಿಳಿದಿರಬೇಕು. ಬಾವಿಯ ಬಳಿ ನಿಂತವನಿಗೆ ಕಣ್ಣು, ಕಿವಿ, ಮೂಗು, ಕೈ ಎಲ್ಲವೂ ಸುದ್ದಿ ಕೊಡುತ್ತವೆ. ನೀರು ತಗ್ಗಿದರೆ ಪೈಪಿನ ಬಾಯಲ್ಲಿ ಗಾಳಿ ಬುಸುಗುಟ್ಟುತ್ತದೆ. ಸ್ಟಾರ್ಟರ್ ಕಾದರೆ ಸುಟ್ಟ ವಾಸನೆ ಬರುತ್ತದೆ. ಪೈಪು ಮುಟ್ಟಿದರೆ ನೀರಿನ ಓಟ ತಿಳಿಯುತ್ತದೆ. ಮನೆಯಲ್ಲಿರುವವನಿಗೆ ಇವು ಯಾವುವೂ ಇಲ್ಲ. ಎಷ್ಟೋ ಸಾಧನಗಳಲ್ಲಿ ‘ಆನ್’ ಎಂಬ ಸಂದೇಶ ಬಂದರೆ ಸ್ಟಾರ್ಟರ್ ಹಿಡಿಯಿತೆಂದಷ್ಟೇ ಅರ್ಥ. ನೀರು ಬಂತೋ ಇಲ್ಲವೋ ಅದಕ್ಕೆ ಗೊತ್ತಿಲ್ಲ.

ಸಬ್‌ಮರ್ಸಿಬಲ್ ಮೋಟಾರನ್ನು ತಂಪಾಗಿಡುವುದು ಸುತ್ತಲಿನ ನೀರೇ. ನೀರಿಲ್ಲದೆ ಓಡಿದರೆ ಕಾದು ವೈಂಡಿಂಗ್ ಸುಡುತ್ತದೆ. ೧೦ ಅಶ್ವಶಕ್ತಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಸುಟ್ಟ ಮೋಟಾರನ್ನು ಮೇಲೆತ್ತಿಸಿ ಕಟ್ಟಿಸುವ ಖರ್ಚು ರೈತನದೇ. ಆದಕಾರಣ ಕೊಳ್ಳುವಾಗ ‘ದೂರದಿಂದ ಚಾಲೂ ಆಗುತ್ತದೆಯೇ?’ ಎಂದು ಕೇಳಿದರೆ ಸಾಲದು, ‘ನನಗೆ ಏನೇನು ತಿಳಿಸುತ್ತದೆ?’ ಎಂದೂ ಕೇಳಬೇಕು.

೧. ಮೂರೂ ಫೇಸ್‌ಗಳ ವೋಲ್ಟೇಜ್ ಮತ್ತು ಆಂಪಿಯರ್ ಫೋನಿಗೆ ಬರಬೇಕು. ಹಗಲಿನಲ್ಲಿ ನೀರು ತುಂಬಿ ಬರುತ್ತಿರುವಾಗ ಆಂಪಿಯರ್ ಎಷ್ಟಿದೆಯೆಂದು ಬರೆದಿಟ್ಟುಕೊಳ್ಳಿ. ಅದೇ ನಿಮ್ಮ ಅಳತೆಗೋಲು. ಅದಕ್ಕಿಂತ ಬಹಳ ಇಳಿದರೆ ನೀರು ತಪ್ಪಿರಬಹುದು. ಒಂದು ಫೇಸಿನಲ್ಲಿ ಸೊನ್ನೆಯಾಗಿ ಉಳಿದೆರಡರಲ್ಲಿ ಏರಿದರೆ ಆ ಫೇಸ್ ಹೋಗಿದೆಯೆಂದು ತಿಳಿಯಿರಿ.

೨. ಇಂತಹ ವೇಳೆ ನಿಮ್ಮ ಅಪ್ಪಣೆಗೆ ಕಾಯದೆ ಮೋಟಾರು ತಾನೇ ನಿಲ್ಲುವ ಏರ್ಪಾಡು ಇರಬೇಕು. ಕಾಡಂಚಿನಲ್ಲಿ ಸಿಗ್ನಲ್ ಯಾವಾಗ ತಪ್ಪೀತೆಂದು ಹೇಳಲಾಗದು.

೩. ದಾರಿಯಲ್ಲಿ ಪೈಪು ಒಡೆದರೂ ಮೋಟಾರು ಓಡುತ್ತಲೇ ಇರುತ್ತದೆ. ಆಂಪಿಯರ್ ನೋಡಿ ಇದನ್ನು ಕಂಡುಹಿಡಿಯುವುದು ಕಷ್ಟ. ಬೆಳಗಾದ ಕೂಡಲೇ ಪೈಪಿನ ಜಾಡಿನಲ್ಲಿ ಒಮ್ಮೆ ನಡೆದು ಬನ್ನಿ.

೪. ಎಲ್ಲಕ್ಕಿಂತ ಮುಖ್ಯವಾದದ್ದು ಪ್ರಾಣ. ಸ್ಟಾರ್ಟರಿಗೆ ಯಾರೋ ಕೈಹಾಕಿರುವುದು ಮನೆಯಲ್ಲಿ ಫೋನು ಹಿಡಿದ ಮಗನಿಗೆ ಕಾಣದು. ‘ಫೋನಿನಲ್ಲಿ ಆಫ್ ಮಾಡಿದ್ದೇನೆ’ ಎಂಬ ಮಾತು ನಂಬಿ ತಂತಿ ಮುಟ್ಟಬೇಡಿ. ರಿಪೇರಿಗೆ ಮೊದಲು ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ. ಕೆಲಸ ಬಲ್ಲ ಎಲೆಕ್ಟ್ರಿಷಿಯನ್‌ನಿಂದಲೇ ರಿಪೇರಿ ಮಾಡಿಸಿ.

ಮೊಬೈಲ್ ಸ್ಟಾರ್ಟರಿನಿಂದ ರಾತ್ರಿಯ ಓಡಾಟ ತಪ್ಪಿದರೆ ಅದೇ ದೊಡ್ಡ ಲಾಭ. ವಾರಕ್ಕೊಂದೆರಡು ಸಲವಾದರೂ ಹಗಲಿನಲ್ಲಿ ಬಾವಿಯ ಬಳಿ ನಿಂತು, ಫೋನು ಹೇಳುವುದಕ್ಕೂ ಪೈಪಿನಲ್ಲಿ ಬೀಳುವ ನೀರಿಗೂ ತಾಳೆಯಾಗುತ್ತದೆಯೇ ಎಂದು ನೋಡುವುದನ್ನು ಬಿಡಬಾರದು.